ಹಣೆಯೆಲುಬು ದಪ್ಪವಾದರೆ ಬುದ್ಧಿ ಮಂಕಾಗುವುದೇ?

ಕಳೆದ ಶ್ರಾವಣದಲ್ಲಿ ಪೂಜ್ಯ ಅಜ್ಜನವರ ದರ್ಶನಕ್ಕೆ ಬಂದ ಭಕ್ತರೊಬ್ಬರ ಕೈಯಲ್ಲಿ ದೊಡ್ಡದೊಂದು ಲಕೋಟೆಯಿತ್ತು. ಅದರೊಳಗೆ ಅವರ ತಾಯಿಯವರ ತಲೆಯ ಸಿ.ಟಿ. ಸ್ಕ್ಯಾನ್ ಚಿತ್ರಗಳೂ ಒಂದು ಪುಟದ ವರದಿಯೂ ಇದ್ದವು. ತಾಯಿಯವರಿಗೆ 66 ವರ್ಷ. ಒಂದು ವರ್ಷದಿಂದ ಮರೆವು ಹೆಚ್ಚಾಗಿತ್ತು. ಕರಡಿಗೆಯನ್ನು ಇಟ್ಟ ಜಾಗ ನೆನಪಾಗದೆ ಮನೆಯೆಲ್ಲ ಹುಡುಕುವರು. ಚಿಕ್ಕಂದಿನಿಂದ ತಪ್ಪದೆ ನಡೆಸಿಕೊಂಡು ಬಂದ ಲಿಂಗಪೂಜೆಯ ನಡುವೆ ಮುಂದಿನ ಕ್ರಮ ಯಾವುದೆಂದು ತಿಳಿಯದೆ ಸುಮ್ಮನೆ ಕುಳಿತುಬಿಡುವರು. ವರದಿಯಲ್ಲಿ, ಹಣೆಯ ಎಲುಬು ಒಳಮಗ್ಗುಲಿನಲ್ಲಿ ದಪ್ಪವಾಗಿದೆ ಎಂಬ ಒಂದು ಸಾಲಿತ್ತು. ಮಗ ಮೊಬೈಲಿನಲ್ಲಿ ಅದರ ಅರ್ಥವನ್ನು ಹುಡುಕಿ ಓದಿ ಎದೆಗುಂದಿದ್ದರು.

“ಅವ್ವನ ತಲಿಬುರುಡಿ ದಪ್ಪ ಆಗೇತಂತ್ರಿ ಅಜ್ಜಾರ. ಮಿದುಳು ಒತ್ತಾಕತ್ತೈತಿ. ಇನ್ನ ಏನ್ ಮಾಡಿದ್ರೂ ಅಷ್ಟರೀ” ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ಪೂಜ್ಯರು ಅವರನ್ನು ಸಮಾಧಾನಪಡಿಸಿ, “ಮೊದಲು ನರರೋಗ ತಜ್ಞರಿಗೆ ತೋರಸ್ರಿ. ಎಲುಬಿನ ಮ್ಯಾಲ ಯಾಕ ತಪ್ಪು ಹೊರಸ್ತೀರಿ?” ಎಂದು ಹೇಳಿ ಕಳುಹಿಸಿದರು. ಅಂದು ಅಲ್ಲಿಯೇ ಇದ್ದ ನಮಗೆ, ಈ ವಿಷಯವನ್ನು ಆರೋಗ್ಯ ವಿಭಾಗದಲ್ಲಿ ವಿವರವಾಗಿ ಬರೆಯಬೇಕೆನಿಸಿತು. ತಲೆಯ ಸ್ಕ್ಯಾನ್ ಈಗ ತಾಲ್ಲೂಕು ಮಟ್ಟಕ್ಕೂ ಬಂದಿದೆ. ಬಿದ್ದುದಕ್ಕೆ, ತಲೆನೋವಿಗೆ, ತಲೆಸುತ್ತಿಗೆ ಮಾಡಿಸಿದ ಸ್ಕ್ಯಾನಿನಲ್ಲಿ ಇಂಥ ಸಾಲೊಂದು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಆ ಒಂದು ಸಾಲನ್ನು ತಪ್ಪಾಗಿ ಓದಿಕೊಂಡರೆ ಆಗುವ ಹಾನಿ ಮಾತ್ರ ಸಣ್ಣದಲ್ಲ.

ಬುರುಡೆಯ ರಚನೆ

ನಾವು ನಿತ್ಯವೂ ವಿಭೂತಿ ಧರಿಸುವ ಹಣೆಯ ಹಿಂದಿರುವುದು ಹಣೆಯೆಲುಬು. ವಯಸ್ಕರ ತಲೆಯಲ್ಲಿ ಒಟ್ಟು 22 ಎಲುಬುಗಳಿದ್ದು, ಅವುಗಳಲ್ಲಿ 8 ಎಲುಬುಗಳು ಮಿದುಳನ್ನು ಕಾಯುವ ಕವಚವಾಗಿವೆ. ಉಳಿದ 14 ಮುಖದ ಎಲುಬುಗಳು. ಕವಚದ ಎಲುಬುಗಳು ಹೆಚ್ಚಿನ ಕಡೆ ಮೂರು ಪದರಗಳಾಗಿರುತ್ತವೆ. ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ಇವೆರಡರ ನಡುವೆ ಅಸ್ಥಿಮಜ್ಜೆ ತುಂಬಿದ ಸ್ಪಂಜಿನಂಥ ಪದರ. ಒಟ್ಟು ದಪ್ಪ ಸಾಮಾನ್ಯವಾಗಿ 6-7 ಮಿಲಿಮೀಟರಿನಷ್ಟು. ಕಪೋಲದ ಮೇಲೆ, ಕಿವಿಯ ಪಕ್ಕದಲ್ಲಿ ಇದು ಬಹಳ ತೆಳು, ಹಿಂದಲೆಯಲ್ಲಿ ದಪ್ಪ. ವ್ಯಕ್ತಿಯಿಂದ ವ್ಯಕ್ತಿಗೂ ವ್ಯತ್ಯಾಸವುಂಟು. ಆದುದರಿಂದ ಸ್ವಲ್ಪ ದಪ್ಪವಾಗಿರುವುದೆಲ್ಲವೂ ರೋಗವಲ್ಲ.

ಈ ಕವಚದೊಳಗೆ ಸುಮಾರು 1300ರಿಂದ 1400 ಗ್ರಾಂ ತೂಕದ ಮಿದುಳು, ಅದರಲ್ಲಿ ಹರಿಯುವ ರಕ್ತ, ಮಿದುಳು ಹಾಗೂ ಬೆನ್ನುಹುರಿಯನ್ನು ಸುತ್ತುವರಿದ ತಿಳಿಯಾದ ದ್ರವ ಇವು ಮೂರೂ ಇರುತ್ತವೆ. ದ್ರವದ ಪ್ರಮಾಣ ಸುಮಾರು 150 ಮಿಲಿಲೀಟರ್. ಸ್ಕಾಟ್ಲೆಂಡಿನ ವೈದ್ಯರಾದ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೂ ಜಾರ್ಜ್ ಕೆಲ್ಲಿ 1824ರಲ್ಲಿಯೂ ಒಂದು ಮುಖ್ಯ ತತ್ತ್ವವನ್ನು ಮುಂದಿಟ್ಟರು. ಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗಿನ ಒಂದು ವಸ್ತು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. ಹಾಗಾಗದಿದ್ದರೆ ಒಳಗಿನ ಒತ್ತಡ ಏರುತ್ತದೆ. ಎಲುಬು ದಪ್ಪವಾದಾಗ ಮಿದುಳಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವಿರುವುದು ಈ ತತ್ತ್ವದಲ್ಲಿಯೇ. ಎಲುಬು ಬಹಳ ನಿಧಾನವಾಗಿ ಸ್ವಲ್ಪವೇ ಬೆಳೆದರೆ, ದ್ರವವು ಅಷ್ಟು ಜಾಗವನ್ನು ಬಿಟ್ಟುಕೊಡುತ್ತದೆ. ವಯಸ್ಸಾದಂತೆ ಮಿದುಳು ತಾನೂ ತುಸು ಕುಗ್ಗುವುದರಿಂದ ಒಳಗೆ ಜಾಗ ಇನ್ನೂ ಹೆಚ್ಚಿರುತ್ತದೆ. ಹಾಗಾಗಿ ಒತ್ತಡ ಏರುವ ಪ್ರಸಂಗ ವಿರಳ.

ಹುಚ್ಚಾಸ್ಪತ್ರೆಯಲ್ಲಿ ಹುಟ್ಟಿದ ತಪ್ಪುಕಲ್ಪನೆ

ಆ ತಾಯಿಯವರ ವರದಿಯಲ್ಲಿದ್ದ ಸ್ಥಿತಿಯ ಹೆಸರು ಹೈಪರೋಸ್ಟೋಸಿಸ್ ಫ್ರಾಂಟಾಲಿಸ್ ಇಂಟರ್ನಾ. ಹಣೆಯೆಲುಬಿನ ಒಳಪದರ ಬೆಳೆದು ದಪ್ಪವಾಗುವುದು ಎಂದು ಇದರ ಅರ್ಥ. ಇದು ಸಾಮಾನ್ಯವಾಗಿ ಎಡಬಲ ಎರಡೂ ಕಡೆ ಇರುತ್ತದೆ. ನಟ್ಟನಡುವಿನ ಗೆರೆಯನ್ನು ಮಾತ್ರ ಬಿಟ್ಟಿರುತ್ತದೆ. ಹೊರಪದರ ಎಂದಿನಂತೆಯೇ ಇರುವುದರಿಂದ ಹಣೆಯ ಮೇಲೆ ಕೈಯಾಡಿಸಿದರೆ ಏನೂ ತಿಳಿಯದು. ಋತುಬಂಧದ ನಂತರದ ವಯಸ್ಸಿನ ಹೆಂಗಸರಲ್ಲಿ ಇದು ಗಂಡಸರಿಗಿಂತ ಬಹಳ ಹೆಚ್ಚು. ಹಾರ್ಮೋನುಗಳ ಏರುಪೇರು ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರು ಭಾವಿಸುತ್ತಾರೆ. ಪುರುಷ ಹಾರ್ಮೋನು ಕುಗ್ಗಿದ ಗಂಡಸರಲ್ಲಿಯೂ ಇದು ಕಂಡುಬಂದಿರುವುದು ಆ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತದೆ.

ಇದನ್ನು ಮೊದಲು ಗಮನಿಸಿ ಬರೆದವರು ಇಟಲಿಯ ಪಾದುವಾ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರಜ್ಞ ಜೊವಾನ್ನಿ ಬಟ್ಟಿಸ್ಟಾ ಮೊರ್ಗಾಗ್ನಿ (1682-1771). ಸ್ಥೂಲಕಾಯದ, ಮುಖದಲ್ಲಿ ಕೂದಲು ಬೆಳೆದಿದ್ದ ವೃದ್ಧೆಯೊಬ್ಬರ ಶವಪರೀಕ್ಷೆಯಲ್ಲಿ ಅವರು ಇದನ್ನು ಕಂಡರು. ಅನಂತರ 1928ರಲ್ಲಿ ಸ್ಟೀವರ್ಟ್ ಎಂಬ ಬ್ರಿಟಿಷ್ ವೈದ್ಯರು, 1930ರ ಸುಮಾರಿಗೆ ಜಿನೀವಾದ ಮೊರೆಲ್ ಎಂಬ ವೈದ್ಯರು, ಹಣೆಯೆಲುಬಿನ ದಪ್ಪಕ್ಕೂ ಮಾನಸಿಕ ರೋಗಕ್ಕೂ ನಂಟಿದೆಯೆಂದು ಬರೆದರು. ಇಂದಿಗೂ ಮೊಬೈಲಿನಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಈ ಇಬ್ಬರ ಹೆಸರಿನಿಂದ ಕರೆಯಲಾಗುವ ಕಾಯಿಲೆ. ಓದಿದವರು ಹೆದರುವುದೂ ಅದರಿಂದಲೇ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಭಕ್ತರು ಗಮನಿಸಬೇಕು. ಸ್ಟೀವರ್ಟ್ ಅವರು ಪರೀಕ್ಷಿಸಿದ ಬುರುಡೆಗಳು ಮಾನಸಿಕ ರೋಗಿಗಳವು. ಹುಚ್ಚಾಸ್ಪತ್ರೆಯೊಳಗೆ ಮಾತ್ರ ಹುಡುಕಿದವರಿಗೆ ಏನು ಸಿಕ್ಕರೂ ಅದು ಹುಚ್ಚಿನೊಡನೆಯೇ ಸೇರಿರುವಂತೆ ಕಾಣುವುದು ಸಹಜ. ಮುಂದೆ ಎಕ್ಸ್-ರೇ ವ್ಯಾಪಕವಾಗಿ ಬಳಕೆಗೆ ಬಂದು, ಮನಸ್ಸು ಬುದ್ಧಿ ಎರಡೂ ಸ್ವಸ್ಥವಾಗಿರುವವರ ತಲೆಗಳನ್ನೂ ನೋಡತೊಡಗಿದಾಗ, ಇದೇ ದಪ್ಪ ಅವರಲ್ಲಿಯೂ ಧಾರಾಳವಾಗಿ ಕಂಡುಬಂದಿತು. 1999ರಲ್ಲಿ ವಿಜ್ಞಾನಿಗಳು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳು. ಕೊನೆಯ ಹಂತದಲ್ಲಿ ಹಣೆಯೆಲುಬಿನ ಒಳಮೈಯ ಬಹುಭಾಗವನ್ನು ಆವರಿಸಿದ ಗಟ್ಟಿ ಬೆಳವಣಿಗೆ. ಮೊದಲ ಹಂತಗಳನ್ನು ಇಂದಿನ ವೈದ್ಯರು ವಯೋಸಹಜ ಬದಲಾವಣೆಯೆಂದು ಪರಿಗಣಿಸಿ ಮುಂದೆ ಸಾಗುತ್ತಾರೆ. ಅದಕ್ಕೆ ಔಷಧ ಬೇಕಿಲ್ಲ, ಶಸ್ತ್ರಚಿಕಿತ್ಸೆಯೂ ಬೇಕಿಲ್ಲ.

ಹಾಗೆಂದು ಈ ನಂಟನ್ನು ಪೂರ್ತಿ ಅಲ್ಲಗಳೆಯುವುದೂ ಸರಿಯಲ್ಲ. ಕೊನೆಯ ಹಂತದಲ್ಲಿ ದಪ್ಪವಾದ ಎಲುಬು ಮಿದುಳಿನ ಮುಂಭಾಗವನ್ನು ಒತ್ತುವುದು ಸ್ಕ್ಯಾನಿನಲ್ಲಿ ಕಾಣುವ ಪ್ರಸಂಗಗಳುಂಟು. ಯೋಜನೆ, ವಿವೇಚನೆ, ಸಂಯಮಗಳಿಗೆ ಮಿದುಳಿನ ಆ ಭಾಗವೇ ಆಧಾರ. ಅಂಥವರಲ್ಲಿ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳ ಫಲಿತಾಂಶ ಕುಂದಿರುವುದನ್ನು ಸಣ್ಣ ಪ್ರಮಾಣದ ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ ಎಲುಬು ದಪ್ಪವಾಗುವುದೂ ವಯಸ್ಸಾದ ಮೇಲೆ, ಮರೆವು ಬರುವುದೂ ವಯಸ್ಸಾದ ಮೇಲೆ. ನರೆಗೂದಲೂ ಮಂಡಿನೋವೂ ಒಟ್ಟಿಗೆ ಬಂದವೆಂದು ನರೆಗೂದಲಿನಿಂದಲೇ ಮಂಡಿ ನೋಯುತ್ತಿದೆ ಎನ್ನಲಾಗದು. ಒಬ್ಬ ರೋಗಿಯ ಮರೆವಿಗೆ ಎಲುಬೇ ಕಾರಣವೆಂದು ಹೇಳುವ ಮೊದಲು ಉಳಿದೆಲ್ಲ ಕಾರಣಗಳನ್ನು ಹುಡುಕಿ ನೋಡಿರಬೇಕು.

ಟೋಪಿ ಚಿಕ್ಕದಾದ ರೋಗಿ

ಎಲುಬು ಬಹಳವೇ ದಪ್ಪವಾದರೂ ಬುದ್ಧಿ ಉಳಿಯಬಲ್ಲುದೇ? ಇದಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧ ಸಾಕ್ಷಿಯೊಂದಿದೆ. ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ಅವರು ಒಬ್ಬ ರೋಗಿಯನ್ನು ಸುಮಾರು 20 ವರ್ಷ ಗಮನಿಸಿ, 1877ರಲ್ಲಿ ಆ ವಿವರಗಳನ್ನು ಪ್ರಕಟಿಸಿದರು. ರೋಗಿಯ ಕಾಲೆಲುಬುಗಳು ಬಾಗಿದವು, ತಲೆ ದೊಡ್ಡದಾಗುತ್ತ ಹೋಯಿತು. ವರ್ಷದಿಂದ ವರ್ಷಕ್ಕೆ ಅವರು ದೊಡ್ಡ ಅಳತೆಯ ಟೋಪಿಯನ್ನು ಕೊಳ್ಳಬೇಕಾಯಿತು. ಆದರೆ ಬುರುಡೆ ಅಷ್ಟೊಂದು ದಪ್ಪವಾದರೂ ಮನಸ್ಸು ಬುದ್ಧಿಗಳಿಗೆ ಬಾಧೆ ತಟ್ಟುವುದಿಲ್ಲವೆಂದು ಪ್ಯಾಜೆಟ್ ಅವರೇ ದಾಖಲಿಸಿದರು. ಈ ರೋಗಕ್ಕೆ ಇಂದು ಅವರದೇ ಹೆಸರಿದೆ. ಬ್ರಿಟನ್ನಿನಲ್ಲಿಯೂ ಅಲ್ಲಿಂದ ಜನ ವಲಸೆ ಹೋದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿಯೂ ಹೆಚ್ಚು. ನಮ್ಮ ದೇಶದಲ್ಲಿ ವಿರಳ.

ಪ್ಯಾಜೆಟ್ ರೋಗವು ತೊಂದರೆ ಕೊಡುವ ಬಗೆ ಬೇರೆ. ಕಿವಿಯ ಸುತ್ತಣ ಎಲುಬಿಗೆ ರೋಗ ತಗುಲಿದಾಗ ಕಿವುಡು ಬರುತ್ತದೆ. ಬುರುಡೆಯ ತಳಭಾಗ ಮೆತ್ತಗಾಗಿ ಕುಸಿದರೆ, ಮಿದುಳಿನ ದ್ರವ ಹರಿಯುವ ದಾರಿ ಕಟ್ಟಿಕೊಂಡು ಒಳಗೆ ನೀರು ತುಂಬಬಹುದು. ಆಗ ನಡಿಗೆ ಕೆಡುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಬುದ್ಧಿ ಮಂದವಾಗುತ್ತದೆ. ಇಂಥ ಸ್ಥಿತಿಗೆ ಚಿಕಿತ್ಸೆಯುಂಟು. ರಕ್ತದ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆ ರೋಗದ ಸುಳಿವು ಕೊಡುತ್ತದೆ. ಜೊಲೆಡ್ರೋನಿಕ್ ಆಮ್ಲದಂಥ ಔಷಧಗಳು ಅದರ ಓಟವನ್ನು ತಡೆಯುತ್ತವೆ.

ಹುಟ್ಟಿನಿಂದಲೇ ಬರುವ ಕೆಲವು ಅಪರೂಪದ ರೋಗಗಳಲ್ಲಿ ಮಾತ್ರ ಎಲುಬಿನ ದಪ್ಪವೇ ನೇರವಾಗಿ ಅಪಾಯಕಾರಿ. ದಕ್ಷಿಣ ಆಫ್ರಿಕಾದ ಡಚ್ ಮೂಲದ ಕುಟುಂಬಗಳಲ್ಲಿ ಕಂಡುಬರುವ ಸ್ಕ್ಲೆರೋಸ್ಟಿಯೋಸಿಸ್ ಎಂಬ ರೋಗದಲ್ಲಿ ಬುರುಡೆ ವಿಪರೀತ ದಪ್ಪವಾಗಿ ತಲೆಯೊಳಗಿನ ಒತ್ತಡ ಪ್ರಾಣಕ್ಕೇ ಕುತ್ತು ತರಬಹುದು. ಎಲುಬಿನ ಭಾಗವನ್ನು ತೆಗೆದು ಜಾಗ ಮಾಡಿಕೊಡಬೇಕಾಗುತ್ತದೆ. ಆಸ್ಟಿಯೋಪೆಟ್ರೋಸಿಸ್ ಎಂಬ ಇನ್ನೊಂದು ರೋಗದಲ್ಲಿ ಎಲುಬು ಕಲ್ಲಿನಂತೆ ಗಟ್ಟಿಯಾಗಿ, ನರಗಳು ಹಾದುಹೋಗುವ ರಂಧ್ರಗಳು ಕಿರಿದಾಗುತ್ತವೆ. ಹಸುಳೆಗೆ ದೃಷ್ಟಿ, ಶ್ರವಣ ಕುಂದುತ್ತವೆ. ಇವು ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಕಾಣಿಸಿಕೊಳ್ಳುವಂಥವು. ಸೋದರಮಾವನೊಡನೆ, ಅತ್ತೆಯ ಮಕ್ಕಳೊಡನೆ ಮದುವೆ ಮಾಡುವ ರೂಢಿ ನಮ್ಮ ನಾಡಿನಲ್ಲಿ ಇನ್ನೂ ಇದೆ. ಇಂಥ ರೋಗಗಳ ಸಂಭವ ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚೆಂಬುದನ್ನು ಹಿರಿಯರು ಮನಗಾಣಬೇಕು.

ಎಲುಬು ಅಪರಾಧಿಯಲ್ಲ, ಸಾಕ್ಷಿ

ಬಹಳ ಸಲ ದಪ್ಪವಾದ ಎಲುಬು ಇನ್ನೊಂದು ರೋಗದ ಗುರುತಾಗಿರುತ್ತದೆ. ಆ ರೋಗವೇ ಬುದ್ಧಿಗೂ ತೊಂದರೆ ಕೊಡುತ್ತಿರಬಹುದು. ಕೆಲವು ಉದಾಹರಣೆಗಳನ್ನು ನೋಡೋಣ.

ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಎಂಬ ಗೆಡ್ಡೆಯ ಪಕ್ಕದ ಎಲುಬು ದಪ್ಪವಾಗುವುದುಂಟು. ಈ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತವೆ. ಹಣೆಯ ಹಿಂದೆ ಬೆಳೆದಾಗ ರೋಗಿಗೆ ನೋವಿಲ್ಲದಿರಬಹುದು. ಆದರೆ ಚುರುಕಾಗಿದ್ದ ವ್ಯಕ್ತಿ ಯಾವುದರಲ್ಲೂ ಆಸಕ್ತಿಯಿಲ್ಲದೆ ಮೂಲೆ ಹಿಡಿಯುತ್ತಾರೆ, ಸ್ವಭಾವ ಬದಲಾಗುತ್ತದೆ. ಮನೆಯವರು ವಯಸ್ಸಿನ ದೋಷವೆಂದು ಸುಮ್ಮನಾಗುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಗೆಡ್ಡೆ ತೆಗೆದ ಮೇಲೆ ಹಲವರು ಮೊದಲಿನಂತಾಗುತ್ತಾರೆ. ಆದುದರಿಂದ ಎಲುಬಿನ ದಪ್ಪ ಒಂದೇ ಕಡೆ ಇದ್ದರೆ, ಅಥವಾ ಹೊರಗೆ ಉಬ್ಬಾಗಿ ಕೈಗೆ ಸಿಗುತ್ತಿದ್ದರೆ, ಎಂ.ಆರ್.ಐ. ಪರೀಕ್ಷೆಯ ಅಗತ್ಯವನ್ನು ವೈದ್ಯರೊಡನೆ ಚರ್ಚಿಸಬೇಕು. ಹಿರಿಯ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಹರಡಿದಾಗಲೂ ಅಲ್ಲಲ್ಲಿ ಎಲುಬು ಗಟ್ಟಿಯಾಗಿ ಕಾಣುತ್ತದೆ.

ಥಲಸೇಮಿಯಾ, ಕುಡಗೋಲು ಕಣ ರೋಗ ಮೊದಲಾದ ಹುಟ್ಟು ರಕ್ತಹೀನತೆಗಳಲ್ಲಿ ರಕ್ತದ ಕೊರತೆಯನ್ನು ತುಂಬಲು ಅಸ್ಥಿಮಜ್ಜೆ ಹಿಗ್ಗುತ್ತದೆ. ಬುರುಡೆಯ ನಡುಪದರ ಅಗಲವಾಗಿ, ಎಕ್ಸ್-ರೇಯಲ್ಲಿ ಕೂದಲು ನೆಟ್ಟಗೆ ನಿಂತಂತೆ ಕಾಣುತ್ತದೆ. ಇಂಥ ಮಗು ಓದಿನಲ್ಲಿ ಹಿಂದುಳಿದರೆ ಕಾರಣ ಎಲುಬಲ್ಲ; ಮಿದುಳಿಗೆ ತಕ್ಕಷ್ಟು ಪ್ರಾಣವಾಯು ತಲುಪದಿರುವುದು, ಕುಡಗೋಲು ಕಣ ರೋಗದಲ್ಲಿ ಮಿದುಳಿನ ಸಣ್ಣ ರಕ್ತನಾಳಗಳು ಸದ್ದಿಲ್ಲದೆ ಕಟ್ಟಿಕೊಳ್ಳುವುದು ಕಾರಣ.

ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆಯನ್ನು ವರ್ಷಾನುಗಟ್ಟಲೆ ಸೇವಿಸಿದವರ ಬುರುಡೆ ದಪ್ಪವಾಗುವುದು ವೈದ್ಯರಿಗೆ ಪರಿಚಿತವಾದ ಸಂಗತಿ. ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಮಿತಿಮೀರಿದರೆ ಮಂಪರು, ಓಲಾಟ, ಮಂದಬುದ್ಧಿ ಉಂಟಾಗುತ್ತವೆ. ಇಲ್ಲಿ ದಪ್ಪ ಎಲುಬು ಮತ್ತು ಮಂಕು ಎರಡಕ್ಕೂ ಮೂಲ ಒಂದೇ ಮಾತ್ರೆ. ಆದರೆ ಇದನ್ನು ಓದಿದ ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಪ್ರಾಣಾಪಾಯವಾದೀತು. ವೈದ್ಯರು ಪ್ರಮಾಣವನ್ನು ಸರಿಪಡಿಸುತ್ತಾರೆ, ಇಲ್ಲವೆ ಬೇರೆ ಔಷಧಕ್ಕೆ ಕ್ರಮೇಣ ಬದಲಾಯಿಸುತ್ತಾರೆ.

ಕೊನೆಯ ಉದಾಹರಣೆ ಕಾರ್ಯಕಾರಣವನ್ನೇ ತಿರುವುಮುರುವಾಗಿಸುತ್ತದೆ. ಎಳೆಯ ವಯಸ್ಸಿನಲ್ಲಿ ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿ ಅದು ಬೆಳೆಯದೆ ಕುಗ್ಗಿದರೆ, ಖಾಲಿಯಾದ ಜಾಗವನ್ನು ತುಂಬಲು ಆ ಕಡೆಯ ಎಲುಬು ಒಳಮುಖವಾಗಿ ದಪ್ಪವಾಗುತ್ತದೆ. 1933ರಲ್ಲಿ ಡೈಕ್, ಡೇವಿಡಾಫ್, ಮ್ಯಾಸನ್ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಎಲುಬು ಬೆಳೆದು ಮಿದುಳು ಕುಗ್ಗಿದುದಲ್ಲ; ಮಿದುಳು ಕುಗ್ಗಿ ಎಲುಬು ಬೆಳೆದುದು. ತಲೆಯ ಆಕಾರ ನೋಡಿ ಮಗುವಿನ ಬುದ್ಧಿಯನ್ನು ಅಳೆಯುವವರು, ದಡ್ಡನನ್ನು ಕಂಡು ಬುರುಡೆ ದಪ್ಪವೆಂದು ಹಂಗಿಸುವವರು ಇದನ್ನು ನೆನಪಿಡಬೇಕು.

ಫ್ಲೋರೈಡ್ ನೀರಿನ ಪ್ರಶ್ನೆ

ಕೊಪ್ಪಳ, ರಾಯಚೂರು, ಗದಗ, ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಹಲವು ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವುದು ಎಲ್ಲರೂ ಬಲ್ಲ ಸಂಗತಿ. ಈ ನೀರಿನಿಂದ ಎಲುಬು ಗಟ್ಟಿಯಾಗುತ್ತದೆ ಎಂದು ಕೇಳಿದ ಭಕ್ತರಿಗೆ ಬುರುಡೆಯ ಬಗೆಗೂ ಸಂದೇಹ ಬರಬಹುದು. ಫ್ಲೋರೋಸಿಸ್ ಮುಖ್ಯವಾಗಿ ಬೆನ್ನೆಲುಬು, ಸೊಂಟದ ಎಲುಬುಗಳನ್ನು ಹಿಡಿಯುತ್ತದೆ. ಬೆನ್ನು ಬಿಗಿಯುತ್ತದೆ, ಮುಂದುವರಿದರೆ ಬೆನ್ನುಹುರಿ ಒತ್ತಿಕೊಂಡು ಕಾಲಿನ ಶಕ್ತಿ ಕುಂದುತ್ತದೆ. ಬುರುಡೆಯ ಮೇಲೆ ಅದರ ಪರಿಣಾಮ ಕಡಿಮೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಊರಿನ ನೀರಿನ ಪರೀಕ್ಷೆ ಮಾಡಿಸುವುದು, ಕುಡಿಯಲೂ ಅಡುಗೆಗೂ ಶುದ್ಧೀಕರಿಸಿದ ನೀರನ್ನೇ ಬಳಸುವುದು ಹಿತ.

ಮರೆವಿಗೆ ಕಾರಣವನ್ನು ಎಲ್ಲಿ ಹುಡುಕಬೇಕು?

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆ ನಮ್ಮ ಹಿರಿಯರಿಗೆ ಎಷ್ಟು ಅನ್ಯಾಯ ಮಾಡಿದೆಯೆಂದು ಹೇಳಲಾಗದು. ನೆರೆಮನೆಯವರ ಹೆಸರು ಕ್ಷಣಕಾಲ ಮರೆತು ಆಮೇಲೆ ನೆನಪಾಗುವುದು ವಯೋಸಹಜ. ನಿತ್ಯದ ಕೆಲಸದ ಕ್ರಮವೇ ಮರೆಯುವುದು, ಪರಿಚಿತ ದಾರಿಯಲ್ಲಿ ತಪ್ಪಿಸಿಕೊಳ್ಳುವುದು, ಹಣದ ಲೆಕ್ಕ ತಿಳಿಯದಾಗುವುದು ವಯೋಸಹಜವಲ್ಲ. ಇವುಗಳಿಗೆ ಕಾರಣ ಅಲ್ಜೈಮರ್ ರೋಗವಿರಬಹುದು. ಆದರೆ ಸುಲಭವಾಗಿ ಸರಿಪಡಿಸಬಹುದಾದ ಕಾರಣಗಳೂ ಇರಬಹುದು.

ಮೊದಲನೆಯದು ವಿಟಮಿನ್ ಬಿ12 ಕೊರತೆ. ಸಸ್ಯಾಹಾರಿಗಳಾದ ನಾವೆಲ್ಲರೂ ಇದನ್ನು ವಿಶೇಷವಾಗಿ ಗಮನಿಸಬೇಕು. ಈ ವಿಟಮಿನ್ ಕಾಳು, ಸೊಪ್ಪು, ಜೋಳ, ರಾಗಿಗಳಲ್ಲಿ ಇಲ್ಲ. ನಮಗೆ ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ ಮಾತ್ರ. ದಿನಕ್ಕೆ ಬೇಕಾದುದು 2ರಿಂದ 2.5 ಮೈಕ್ರೋಗ್ರಾಂ ಅಷ್ಟೇ. ಅಷ್ಟೂ ಸಿಗದಿದ್ದರೆ ಕೈಕಾಲು ಜೋಮು ಹಿಡಿಯುವುದು, ಉರಿಯುವುದು, ನಡಿಗೆ ಓಲಾಡುವುದು, ಮರೆವು, ಖಿನ್ನತೆ ಕಾಣಿಸಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ನುಂಗುವವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಚುಚ್ಚುಮದ್ದು, ಮಾತ್ರೆಗಳಿಂದ ಸರಿಹೋಗುತ್ತದೆ. ಸಸ್ಯಾಹಾರದ ವ್ರತಕ್ಕೆ ಇದರಿಂದ ಭಂಗವಿಲ್ಲ. ಆದರೆ ತಡವಾದಷ್ಟೂ ನರಗಳಿಗಾದ ಹಾನಿ ಉಳಿದುಬಿಡುವ ಸಂಭವ ಹೆಚ್ಚು.

ಎರಡನೆಯದು ಥೈರಾಯ್ಡ್ ಗ್ರಂಥಿಯ ಮಂದಗತಿ. ಮೂರನೆಯದು ಖಿನ್ನತೆ, ಸಂಗಾತಿಯನ್ನು ಕಳೆದುಕೊಂಡ ಹಿರಿಯರಲ್ಲಿ ಇದು ಮರೆವಿನ ವೇಷದಲ್ಲಿಯೇ ಬರುತ್ತದೆ. ನಾಲ್ಕನೆಯದು ಕಿವುಡು, ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಐದನೆಯದು ನಿದ್ರೆಮಾತ್ರೆ ಮೊದಲಾದ ಔಷಧಗಳ ಪರಿಣಾಮ. ಆರನೆಯದು ತಲೆಗೆ ಬಿದ್ದ ಪೆಟ್ಟು. ಬಚ್ಚಲಲ್ಲಿ ಜಾರಿಬಿದ್ದುದು ಸಣ್ಣದೆಂದು ಮರೆತಿರುತ್ತಾರೆ. ವಾರಗಳ ನಂತರ ಮಿದುಳಿನ ಹೊದಿಕೆಯಡಿ ರಕ್ತ ಸೇರಿ ಮಂಕು ಕವಿಯುತ್ತದೆ. ಸಕಾಲದಲ್ಲಿ ರಕ್ತವನ್ನು ಹೊರತೆಗೆದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಡಿಮೆನ್ಶಿಯಾ ಕುರಿತು ಲ್ಯಾನ್ಸೆಟ್ ವೈದ್ಯಪತ್ರಿಕೆ ನೇಮಿಸಿದ ಆಯೋಗವು 2024ರ ವರದಿಯಲ್ಲಿ ತಡೆಗಟ್ಟಬಹುದಾದ 14 ಅಪಾಯಾಂಶಗಳನ್ನು ಪಟ್ಟಿಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ದೃಷ್ಟಿದೋಷ, ಧೂಮಪಾನ, ಮದ್ಯಪಾನ, ಒಂಟಿತನ, ವ್ಯಾಯಾಮದ ಕೊರತೆ ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಶೇಕಡಾ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು, ಇಲ್ಲವೆ ಮುಂದೂಡಬಹುದು ಎಂಬುದು ಆಯೋಗದ ಅಂದಾಜು. ಆ ಪಟ್ಟಿಯಲ್ಲಿ ಬುರುಡೆಯ ದಪ್ಪವಿಲ್ಲ.

ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕಾದ ಲಕ್ಷಣಗಳು

ಬೆಳಗಿನ ಜಾವ ಹೆಚ್ಚಾಗುವ ತಲೆನೋವು ಮತ್ತು ವಾಂತಿ. ದೃಷ್ಟಿ ಮಂಜಾಗುವುದು ಅಥವಾ ಒಂದು ಎರಡಾಗಿ ಕಾಣುವುದು. ಹೊಸದಾಗಿ ಫಿಟ್ಸ್ ಬರುವುದು. ಮುಖ ಸೊಟ್ಟಗಾಗುವುದು, ಕೈಕಾಲಿನ ಶಕ್ತಿ ಕುಂದುವುದು. ತಲೆಯ ಮೇಲೆ ಗಟ್ಟಿಯಾದ ಉಬ್ಬು ಬೆಳೆಯುವುದು. ಕೆಲವೇ ವಾರಗಳಲ್ಲಿ ಸ್ವಭಾವ ಬದಲಾಗುವುದು. ನಡಿಗೆ, ಮೂತ್ರದ ಹಿಡಿತ, ನೆನಪು ಮೂರೂ ಒಟ್ಟಿಗೆ ಕೆಡುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಕಾಯಬಾರದು. ಮಾತು ತೊದಲಿ ಮುಖ, ಕೈ, ಕಾಲು ಒಮ್ಮೆಲೇ ಸೋತರೆ ಅದು ಪಾರ್ಶ್ವವಾಯು. ಗಂಟೆಗಳಲ್ಲ, ನಿಮಿಷಗಳೂ ಅಮೂಲ್ಯ.

ವೈದ್ಯರ ಬಳಿ ಹೋಗುವಾಗ ಸ್ಕ್ಯಾನಿನ ವರದಿಯ ಜೊತೆಗೆ ಚಿತ್ರಗಳನ್ನೂ ಒಯ್ಯಬೇಕು. ಹಳೆಯ ಸ್ಕ್ಯಾನ್ ಇದ್ದರೆ ಅದನ್ನೂ ಒಯ್ಯಬೇಕು. ದಪ್ಪ ಹಿಂದೆಯೂ ಇಷ್ಟೇ ಇತ್ತೇ, ಈಚೆಗೆ ಬೆಳೆದಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು ಉತ್ತಮ. ಮೂರು ಪ್ರಶ್ನೆಗಳನ್ನು ಕೇಳಬೇಕು: ದಪ್ಪ ಎರಡೂ ಕಡೆ ಇದೆಯೇ, ಒಂದೇ ಕಡೆಯೇ? ಮಿದುಳಿನ ಮೇಲೆ ಒತ್ತಡ ಕಾಣುತ್ತದೆಯೇ? ಮರೆವಿಗೆ ಬೇರೆ ಯಾವ ಪರೀಕ್ಷೆಗಳಾಗಬೇಕು? ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ ರಾಜ್ಯ ಸರ್ಕಾರವು ಮಿದುಳಿನ ಆರೋಗ್ಯ ಕಾರ್ಯಕ್ರಮವನ್ನು ನಡೆಸುತ್ತಿದ್ದು, ಜಿಲ್ಲಾ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬಹುದು.

ಇನ್ನು ಮಾಡಬಾರದ ಕೆಲಸಗಳು. ತಲೆಗೆ ಬರೆ ಹಾಕಿಸುವುದು, ಎಲುಬು ಕರಗಿಸುತ್ತೇವೆನ್ನುವವರ ಪುಡಿ, ಲೇಪಗಳಿಗೆ ಹಣ ಸುರಿಯುವುದು ಬೇಡ. ಬೆಳೆದ ಎಲುಬನ್ನು ಯಾವ ಎಣ್ಣೆಯೂ ಕರಗಿಸಲಾರದು. ಎಲುಬು ದಪ್ಪವಾಗಿದೆಯೆಂದು ಹಾಲು ಮೊಸರು ಬಿಡುವವರೂ ಉಂಟು. ಆಹಾರದ ಸುಣ್ಣಾಂಶದಿಂದ ಬುರುಡೆ ದಪ್ಪವಾಗುವುದಿಲ್ಲ. ಬಿ12 ದೊರೆಯುವ ಒಂದೇ ದಾರಿಯನ್ನು ಕೈಯಾರೆ ಮುಚ್ಚಿಕೊಂಡಂತಾಗುತ್ತದೆ ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಹಣೆಬರಹ ಎಂದು ಕೈಚೆಲ್ಲಬಾರದು. ಶರಣರು ವಿಧಿಯನ್ನು ನೆಚ್ಚಿ ಕುಳಿತವರಲ್ಲ. ಅರಿವನ್ನೂ ಕಾಯಕವನ್ನೂ ನೆಚ್ಚಿದವರು.

ಆರಂಭದಲ್ಲಿ ಹೇಳಿದ ತಾಯಿಯವರ ವಿಷಯಕ್ಕೆ ಬರೋಣ. ನರರೋಗ ತಜ್ಞರು ಚಿತ್ರಗಳನ್ನು ನೋಡಿ, ಎಲುಬಿನ ದಪ್ಪ ಎರಡೂ ಕಡೆ ಸಮನಾಗಿದೆ, ಮಿದುಳಿನ ಮೇಲೆ ಒತ್ತಡವಿಲ್ಲ, ಅದರ ಚಿಂತೆ ಬಿಡಿ ಎಂದರು. ಕಾಲು ಜೋಮು ಹಿಡಿಯುತ್ತದೆಯೇ ಎಂದು ಅವರು ಕೇಳಿದಾಗ, ರಾತ್ರಿಯೆಲ್ಲ ಅತ್ತೆಯವರು ಪಾದ ಉಜ್ಜಿಕೊಳ್ಳುವುದನ್ನು ಹೇಳಿದವರು ಜೊತೆಗೆ ಹೋಗಿದ್ದ ಸೊಸೆ. ರಕ್ತಪರೀಕ್ಷೆಯಲ್ಲಿ ಬಿ12 ತೀರ ಕಡಿಮೆಯಿತ್ತು. ಎದೆಯುರಿಗೆಂದು ಕೊಂಡ ಮಾತ್ರೆಯನ್ನು ಅವರು ಏಳೆಂಟು ವರ್ಷಗಳಿಂದ ನುಂಗುತ್ತಲೇ ಬಂದಿದ್ದರು. ಚುಚ್ಚುಮದ್ದು ಆರಂಭವಾಯಿತು.

ಈ ಸಂಕ್ರಾಂತಿಗೆ ಅವರು ಮಗ ಸೊಸೆಯರೊಡನೆ ಮಠಕ್ಕೆ ಬಂದಿದ್ದರು. ಎಲ್ಲವೂ ಮೊದಲಿನಂತಾಗಿದೆಯೆಂದು ಹೇಳಲಾಗದು. ಮೊಮ್ಮಕ್ಕಳ ಹೆಸರು ಇನ್ನೂ ಅದಲುಬದಲಾಗುತ್ತದೆ. ಕಾಲಿನ ಜೋಮು ಪೂರ್ತಿ ಹೋಗಿಲ್ಲ. ಸಂಕಟ ಶುರುವಾದಾಗಲೇ ಬಂದಿದ್ದರೆ ಇನ್ನೂ ಹೆಚ್ಚು ಗುಣವಾಗುತ್ತಿತ್ತು ಎಂದು ವೈದ್ಯರು ಹೇಳಿದ್ದಾರಂತೆ. ಆದರೆ ಅಂದು ಬೆಳಗಿನ ಸಾಮೂಹಿಕ ಲಿಂಗಪೂಜೆಯಲ್ಲಿ ಅವರು ಯಾರ ನೆರವೂ ಇಲ್ಲದೆ ಪೂಜೆಯನ್ನು ಕ್ರಮವಾಗಿ ಪೂರೈಸಿದರು. ಪಕ್ಕದಲ್ಲಿ ಕುಳಿತಿದ್ದ ಮಗ ತಮ್ಮ ಪೂಜೆಯನ್ನು ಮರೆತು ತಾಯಿಯ ಕೈಗಳನ್ನೇ ನೋಡುತ್ತಿದ್ದರು.

ಮನೆಯಲ್ಲಿ ಹಿರಿಯರ ನೆನಪು ಮಾಸುತ್ತಿದ್ದರೆ ಈ ತಿಂಗಳೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಸಮಸ್ತ ಸದ್ಭಕ್ತರಲ್ಲಿ ವಿನಂತಿಸುತ್ತೇವೆ.